ಒಲಿಂಪಿಕ್ಸ್ ಬಿಡ್: ಸಹಿಗೆ ಮೊದಲು ಕಡತ ತೆರೆಯಲಿ

ಮಾನ್ಯ ಸಂಪಾದಕರೇ,

2036ರ ಒಲಿಂಪಿಕ್ಸ್ ಅಹಮದಾಬಾದ್‌ಗೆ ಬರಲಿ ಎಂಬ ಉತ್ಸಾಹದ ಮಾತುಗಳಲ್ಲೆಲ್ಲ ಒಂದು ವಾದ ಮರಳಿ ಮರಳಿ ಕೇಳಿಸುತ್ತದೆ: ಅಲ್ಲಿನ ಮೊಟೇರಾದಲ್ಲಿ 1,32,000 ಮಂದಿ ಕೂರುವ ಕ್ರಿಕೆಟ್ ಕ್ರೀಡಾಂಗಣವಿದೆ, ಇನ್ನೇನು ಬೇಕು? ಉದ್ಘಾಟನಾ ಸಮಾರಂಭಕ್ಕೆ ಅದು ಸಾಕು. ಅಥ್ಲೆಟಿಕ್ಸ್‌ಗೆ ಸಾಲದು.

ಎಂಟು ಲೇನ್‌ಗಳ 400 ಮೀಟರ್ ಟ್ರ್ಯಾಕ್‌ಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಜಾಗ ಬೇಕು. ಅದರ ಸುತ್ತ ಸುರಕ್ಷತಾ ಅಂತರ ಬೇರೆ. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಪಿಚ್‌ನ ಮಧ್ಯದಿಂದ ಬೌಂಡರಿ 90 ಗಜ ಮೀರುವಂತಿಲ್ಲ. ಅಂದರೆ ಹಗ್ಗದಿಂದ ಹಗ್ಗಕ್ಕೆ ಹೆಚ್ಚೆಂದರೆ 165 ಮೀಟರ್. ಕ್ರಿಕೆಟ್ ಮೈದಾನದಲ್ಲಿ ಓಟದ ಟ್ರ್ಯಾಕ್ ಹಾಸಬೇಕಾದರೆ ಕೆಳಗಿನ ಆಸನಗಳ ಸಾಲುಗಳನ್ನು ಕೀಳಬೇಕು, ಇಲ್ಲವೇ ನೆಲವನ್ನೇ ಎತ್ತರಿಸಬೇಕು. ಗ್ಯಾಲರಿ ಹಿಂದಕ್ಕೆ ಓರೆಯಾಗಿರುವುದರಿಂದ ನೆಲ ಮೇಲೇರಿದಷ್ಟೂ ಜಾಗ ಅಗಲವಾಗುತ್ತದೆ. 2014ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಗ್ಲಾಸ್ಗೊದವರು ಹ್ಯಾಂಪ್ಡನ್ ಪಾರ್ಕ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮಾಡಿದ್ದು ಇದನ್ನೇ. ಸಾವಿರಾರು ಉಕ್ಕಿನ ಕಂಬಗಳ ಮೇಲೆ ನೆಲವನ್ನು 1.9 ಮೀಟರ್ ಎತ್ತರಿಸಿ ಟ್ರ್ಯಾಕ್ ಹಾಸಿದರು, ಎಂಟು ಸಾಲು ಆಸನ ಬಿಟ್ಟುಕೊಟ್ಟರು, ಕೂಟ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಫುಟ್‌ಬಾಲ್‌ಗೆ ಮರಳಿಸಿದರು.

ಮುಖ್ಯ ಟ್ರ್ಯಾಕ್ ಒಂದೇ ಇದ್ದರೂ ಕೆಲಸ ನಡೆಯದು. ಪಕ್ಕದಲ್ಲೇ ಅದೇ ಬಗೆಯ ಸಿಂಥೆಟಿಕ್ ಮೇಲ್ಮೈಯ ವಾರ್ಮ್‌ಅಪ್ ಟ್ರ್ಯಾಕ್ ಬೇಕು. ಹ್ಯಾಮರ್, ಡಿಸ್ಕಸ್, ಜಾವೆಲಿನ್ ಎಸೆತಗಾರರ ಅಭ್ಯಾಸಕ್ಕೆ ಪ್ರತ್ಯೇಕ ಮೈದಾನ ಬೇಕು, ಏಕೆಂದರೆ ಓಡುವವರ ನಡುವೆ ಹ್ಯಾಮರ್ ಬೀಸಲಾಗದು. ವಾರ್ಮ್‌ಅಪ್ ಜಾಗದಿಂದ ಕಾಲ್ ರೂಮ್‌ಗೆ (ಸ್ಪರ್ಧೆಗೆ ಮೊದಲು ಕ್ರೀಡಾಪಟುಗಳು ಹಾಜರಿ ಹಾಕುವ ಕೋಣೆ), ಅಲ್ಲಿಂದ ಟ್ರ್ಯಾಕ್‌ಗೆ ಬರುವ ದಾರಿ ಪ್ರೇಕ್ಷಕರ ದಾರಿಗೆ ಅಡ್ಡಬರಬಾರದು. ಇದನ್ನು ನಕ್ಷೆಯಲ್ಲೇ ತೀರ್ಮಾನಿಸಬೇಕು; ಕಟ್ಟಿದ ಮೇಲೆ ಎಲ್ಲಿಂದ ಜಾಗ ತರುವುದು?

ಬಿಡ್‌ನ ಕ್ರಮವೂ ಈಗ ಬದಲಾಗಿದೆ. ಹಲವು ನಗರಗಳು ಕೊನೆಯ ದಿನದವರೆಗೆ ಪೈಪೋಟಿ ನಡೆಸಿ ಮತ ಎಣಿಸುವ ಕಾಲ ಮುಗಿಯಿತು. 2019ರ ಸುಧಾರಣೆಯ ನಂತರ ಮೊದಲು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ (ಐಒಸಿ) ಆಯೋಗದೊಂದಿಗೆ ಮಾತುಕತೆ ನಡೆಯುತ್ತದೆ. ಒಪ್ಪಿಗೆಯಾದ ನಗರದೊಂದಿಗೆ ‘ಉದ್ದೇಶಿತ ಮಾತುಕತೆ’, ಅಂದರೆ ಅದೊಂದನ್ನೇ ಗುರಿಯಾಗಿಟ್ಟ ಚರ್ಚೆ. ಕೊನೆಗೆ ಐಒಸಿ ಸದಸ್ಯರ ಅಧಿವೇಶನದ ಮುದ್ರೆ. ಬ್ರಿಸ್ಬೇನ್ ಹೆಸರು ಉದ್ದೇಶಿತ ಮಾತುಕತೆಗೆ ಬಂದದ್ದು 2021ರ ಫೆಬ್ರುವರಿಯಲ್ಲಿ, 2032ರ ಕೂಟ ಕೈಸೇರಿದ್ದು ಅದೇ ವರ್ಷ ಜುಲೈನಲ್ಲಿ. ಮುಖ್ಯ ಕ್ರೀಡಾಂಗಣ ಎಲ್ಲಿ ಎಂಬುದು ಮಾತ್ರ 2025ರ ಮಾರ್ಚ್‌ವರೆಗೂ ಇತ್ಯರ್ಥವಾಗಲಿಲ್ಲ. ಅಲ್ಲಿನ ಹಳೆಯ ಕ್ರಿಕೆಟ್ ಕ್ರೀಡಾಂಗಣ ಗಬ್ಬಾವನ್ನು ಕೆಡವಿ ಕಟ್ಟುವ ಯೋಜನೆ ಬಿದ್ದುಹೋಯಿತು, ನಡುವೆ ಇನ್ನೊಂದು ಜಾಗ ಬಂದುಹೋಯಿತು, ಕೊನೆಗೆ ವಿಕ್ಟೋರಿಯಾ ಪಾರ್ಕ್‌ನಲ್ಲಿ 63,000 ಆಸನಗಳ ಹೊಸ ಕ್ರೀಡಾಂಗಣ ಎಂದಾಯಿತು. ಮಾತುಕತೆ ಮುಚ್ಚಿದ ಬಾಗಿಲ ಹಿಂದೆ ನಡೆಯುವುದರಿಂದ, ಜನರ ಕಿವಿಗೆ ಬೀಳುವ ಹೊತ್ತಿಗೆ ಬಹುಪಾಲು ನಿರ್ಧಾರ ಆಗಿಹೋಗಿರುತ್ತದೆ.

ಎಲ್ಲಕ್ಕಿಂತ ಭಾರವಾದ ಕಾಗದ ಹಣಕಾಸಿನ ಖಾತ್ರಿ. ಕೂಟದಲ್ಲಿ ನಷ್ಟವಾದರೆ ತುಂಬಿಕೊಡುವವರು ಆತಿಥೇಯರೇ. 2015ರಲ್ಲಿ ಬಾಸ್ಟನ್ ಮೇಯರ್ ಈ ಖಾತ್ರಿಗೆ ಸಹಿ ಹಾಕಲು ಒಪ್ಪದಿದ್ದಾಗ ಆ ನಗರದ ಬಿಡ್ ಅಂದೇ ಮುರಿದುಬಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಕೂಟ ಒಪ್ಪಿಕೊಂಡು, ವೆಚ್ಚ ಅಂದಾಜು ಮೀರಿತೆಂದು 2023ರಲ್ಲಿ ಹಿಂದೆ ಸರಿಯಿತು. ಅದಕ್ಕೇ 38 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರ ತೆರಬೇಕಾಯಿತು. ಅಹಮದಾಬಾದ್‌ಗೆ ಕೇಂದ್ರ ಸರ್ಕಾರ ಖಾತ್ರಿ ನಿಂತರೆ ಅದು ಬೀದರ್‌ನ, ಚಾಮರಾಜನಗರದ ತೆರಿಗೆದಾರನ ಖಾತ್ರಿಯೂ ಹೌದು.

ದೆಹಲಿಯ 2010ರ ಕಾಮನ್‌ವೆಲ್ತ್ ಕೂಟದ ಪಾಠ ನಮ್ಮ ಮುಂದೆಯೇ ಇದೆ. ಕೂಟ ದಕ್ಕಿದ್ದು 2003ರ ನವೆಂಬರ್‌ನಲ್ಲಿ. 2006ರ ಮಧ್ಯದವರೆಗಿನ ಅವಧಿ ವ್ಯರ್ಥವಾಯಿತೆಂದು ಮಹಾಲೇಖಪಾಲರ (ಸಿಎಜಿ) ವರದಿಯೇ ಹೇಳಿತು. ಆರಂಭದ ವರ್ಷಗಳು ಹಾಗೆ ಜಾರಿಹೋದಾಗ ಕೊನೆಯಲ್ಲಿ ಎಲ್ಲವೂ ‘ತುರ್ತು’ ಆಗುತ್ತದೆ. ತುರ್ತು ಎಂದಕೂಡಲೇ ಟೆಂಡರ್ ನಿಯಮ ಸಡಿಲ, ಬೆಲೆ ಗುತ್ತಿಗೆದಾರ ಹೇಳಿದ್ದು. ಮಳೆಗಾಲ ಮುಗಿಯುವ ಹೊತ್ತಿನಲ್ಲೇ ಕೊನೆಯ ಕಾಮಗಾರಿ ಒತ್ತರಿಸಿಕೊಂಡು ಬಂತು. ಕೂಟಕ್ಕೆ ಎರಡು ವಾರ ಇರುವಾಗ ನೆಹರೂ ಕ್ರೀಡಾಂಗಣದ ಬಳಿಯ ಪಾದಚಾರಿ ಸೇತುವೆ ಕುಸಿಯಿತು. ಕ್ರೀಡಾಪಟುಗಳು ತಂಗುವ ಕ್ರೀಡಾಗ್ರಾಮ ಕಟ್ಟುತ್ತಿದ್ದ ಖಾಸಗಿ ಕಂಪನಿಗೆ ಹಣ ಸಾಲದೆ 2009ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ಫ್ಲ್ಯಾಟ್‌ಗಳನ್ನು ತಾನೇ ಕೊಂಡು ಕೆಲಸ ಮುಂದುವರಿಸಬೇಕಾಯಿತು.

ಕ್ರೀಡಾಗ್ರಾಮದ ವಿಷಯ ಕರ್ನಾಟಕಕ್ಕೆ ಹೊಸದಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಎದ್ದ ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್‌ನಲ್ಲಿ ಇಂದಿಗೂ ಜನ ಸಂಸಾರ ಮಾಡುತ್ತಿದ್ದಾರೆ. ಒಲಿಂಪಿಕ್ಸ್‌ಗೆ ಬೇಕಾದದ್ದು ಅದಕ್ಕಿಂತ ಬಹಳ ದೊಡ್ಡದು: ಪ್ಯಾರಿಸ್‌ನಲ್ಲಿ 14,000ಕ್ಕೂ ಹೆಚ್ಚು ಹಾಸಿಗೆಗಳಿದ್ದವು. ಲಂಡನ್ 2012ರ ಗ್ರಾಮದ 2,818 ಮನೆಗಳಲ್ಲಿ ಕೂಟದ ವೇಳೆ ಅಡುಗೆಮನೆ ಇರಲಿಲ್ಲ, ಆಮೇಲೆ ಜೋಡಿಸಿದರು. ಆದರೆ ನೀರು, ಗ್ಯಾಸ್, ಚರಂಡಿಯ ಪೈಪ್‌ಗಳಿಗೆ ಜಾಗವನ್ನು ಮೊದಲೇ ಬಿಡದಿದ್ದರೆ ಗೋಡೆ ಒಡೆಯದೆ ಇಂಥ ಕೆಲಸ ಸಾಧ್ಯವಿಲ್ಲ. ಪ್ಯಾರಾಲಿಂಪಿಕ್ಸ್ ಕ್ರೀಡಾಪಟುಗಳೂ ಅದೇ ಗ್ರಾಮದಲ್ಲಿ ತಂಗುವುದರಿಂದ ಗಾಲಿಕುರ್ಚಿ ಹೋಗುವಷ್ಟು ಅಗಲದ ಲಿಫ್ಟ್, ಸ್ನಾನಗೃಹದ ಬಾಗಿಲುಗಳೂ ಮೊದಲ ನಕ್ಷೆಯಲ್ಲೇ ಇರಬೇಕು.

ದಿನಾಂಕದ ಪ್ರಶ್ನೆಯೂ ಉಳಿದಿದೆ. ಐಒಸಿಗೆ ಒಪ್ಪಿತವಾದ ಅವಧಿ ಜುಲೈ ಮಧ್ಯದಿಂದ ಆಗಸ್ಟ್ ಕೊನೆ. ಅಹಮದಾಬಾದ್‌ನಲ್ಲಿ ಅದು ಮಳೆಯ ಭರ. ಟೋಕಿಯೊ 1964, ಸಿಯೋಲ್ 1988, ಸಿಡ್ನಿ 2000 ಸೆಪ್ಟೆಂಬರ್–ಅಕ್ಟೋಬರ್‌ಗೆ ಸರಿದ ಉದಾಹರಣೆಗಳಿವೆ. ಆ ಬೇಡಿಕೆಯನ್ನು ಖಾತ್ರಿಗೆ ಸಹಿ ಹಾಕುವ ಮೊದಲು ಮುಂದಿಡಬೇಕು, ನಂತರವಲ್ಲ.

ಭಾರತ 2024ರ ಅಕ್ಟೋಬರ್ 1ರಂದು ಆಸಕ್ತಿ ಪತ್ರ ಸಲ್ಲಿಸಿತು. 2025ರ ಜೂನ್‌ನಲ್ಲಿ ಐಒಸಿ ಆತಿಥೇಯರ ಆಯ್ಕೆಗೆ ವಿರಾಮ ಕೊಟ್ಟು ಕ್ರಮವನ್ನೇ ಮರುಪರಿಶೀಲನೆಗೆ ತೆಗೆದುಕೊಂಡಿತು. ನವೆಂಬರ್‌ನಲ್ಲಿ 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದ್‌ಗೆ ಖಚಿತವಾಯಿತು. ಆ ಕೂಟದ ಲೆಕ್ಕವನ್ನಾದರೂ ಈಗಿನಿಂದಲೇ ಬಹಿರಂಗವಾಗಿ ಇಡಲಿ: ಪ್ರತಿ ಕ್ರೀಡಾಂಗಣಕ್ಕೆ ಕಟ್ಟುವ ವೆಚ್ಚ, ವರ್ಷದ ನಿರ್ವಹಣೆ, ಸವೆದ ಸಿಂಥೆಟಿಕ್ ಟ್ರ್ಯಾಕ್ ಮರುಹಾಸಲು ಹಣ ಕೊಡುವವರು ಯಾರು, ಕೂಟದ ಮರುದಿನದಿಂದ ಅಲ್ಲಿ ಓಡುವವರು ಯಾರು. ಒಲಿಂಪಿಕ್ಸ್ ಖಾತ್ರಿಯ ಕರಡನ್ನು ಸಹಿಗೆ ಕನಿಷ್ಠ ಆರು ತಿಂಗಳು ಮೊದಲು ಸಂಸತ್ತಿನ ಮುಂದಿಡಲಿ.

– ಅಥ್ಲೆಟಿಕ್ಸ್ ತಾಂತ್ರಿಕ ಅಧಿಕಾರಿ, ಬೆಂಗಳೂರು