‘ಪರಿಸರಸ್ನೇಹಿ’ ಚೀಟಿಯನ್ನು ನಾವು ಏಕೆ ತೆಗೆದೆವು

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಈ ಸಲ ದೀಪಾವಳಿ ಖರೀದಿಗೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿರುವ ನಮ್ಮ ಮಹಿಳಾ ಸಂಘದ ಬಟ್ಟೆ ಅಂಗಡಿಗೋ ಮಾಟುಂಗಾದ ಮಾರಾಟಕ್ಕೋ ಬಂದಾಗ ಎರಡು ವ್ಯತ್ಯಾಸಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಕುರ್ತಾ, ಸೀರೆ, ಕೈಚೀಲ ಎಲ್ಲಕ್ಕೂ ನೇತಾಡುತ್ತಿದ್ದ, ಹಸಿರು ಎಲೆಯ ಚಿತ್ರವಿದ್ದ ‘ಪರಿಸರಸ್ನೇಹಿ’ ಚೀಟಿ ಇರುವುದಿಲ್ಲ. 950 ರೂಪಾಯಿಯ ಕುರ್ತಾ 1,040 ರೂಪಾಯಿ ಆಗಿರುತ್ತದೆ. ಒಳ್ಳೆಯ ಹೆಸರನ್ನು ಕಿತ್ತು ಬೆಲೆಯನ್ನು ಏರಿಸುವ ವ್ಯಾಪಾರ ಎಲ್ಲಿಯಾದರೂ ಉಂಟೇ ಎಂದು ನಮ್ಮ ಖಜಾಂಚಿಯೇ ಕೇಳಿದರು. ನೀವೂ ಕೇಳುತ್ತೀರಿ. ಅದಕ್ಕಾಗಿ ಈ ಪತ್ರ. ಬಿದಿರಿನ ಕುರ್ತಾ ಕೊಂಡವರು ಕೊನೆಯ ಭಾಗವನ್ನು ಮೊದಲು ಓದಿದರೂ ಸರಿ, ಅಲ್ಲಿ ನಿಮ್ಮ ಹಣದ ಮಾತಿದೆ.

ಶುರುವಾದದ್ದು ಒಂದು ಪ್ರಶ್ನೆಯಿಂದ. ಕಳೆದ ಮಾರಾಟದಲ್ಲಿ ಹಿರಿಯರೊಬ್ಬರು ಮೊಮ್ಮಗಳಿಗೆಂದು ಕುರ್ತಾ ಆರಿಸುತ್ತಿದ್ದರು. ಬಣ್ಣದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನು ಓದಿ, “ಯಾವ ಪರಿಸರಕ್ಕಮ್ಮಾ ಇದು ಸ್ನೇಹಿತ?” ಎಂದರು. ನಾನು ಕೈಮಗ್ಗ, ಹತ್ತಿ, ಮಹಿಳೆಯರ ದುಡಿಮೆ ಎಂದು ಎಂದಿನ ಪಾಠ ಒಪ್ಪಿಸಿದೆ. ಅವರು ಕೇಳಿಸಿಕೊಂಡು, “ಬಣ್ಣ ಹಾಕಿದ ನೀರು ಎಲ್ಲಿಗೆ ಹೋಯಿತು?” ಎಂದರು. ನನಗೆ ಗೊತ್ತಿರಲಿಲ್ಲ. ಡೊಂಬಿವಲಿಯವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. 2014ರಲ್ಲಿ ನಮ್ಮ ಊರಿನಲ್ಲಿ ಹಸಿರು ಮಳೆ ಸುರಿಯಿತು, 2020ರಲ್ಲಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಆ ರಸ್ತೆಯ ಫೋಟೋವನ್ನು ವಾಟ್ಸಾಪ್‌ನಲ್ಲಿ ಊರಿಗೆಲ್ಲ ಕಳುಹಿಸಿದ ನಾವೇ, ನಮ್ಮ ಬಟ್ಟೆಯ ಬಣ್ಣ ಎಲ್ಲಿಂದ ಬಂತೆಂದು ಕೇಳದೆ ಎಲೆಯ ಚಿತ್ರ ಅಂಟಿಸಿಕೊಂಡು ಕುಳಿತಿದ್ದೆವು.

ಕಾನೂನಿನ ಮಾತೂ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್ 15ರಂದು ಇಂತಹ ಹಸಿರು ಹೇಳಿಕೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಪರಿಸರಸ್ನೇಹಿ, ನೈಸರ್ಗಿಕ, ಸಾವಯವ, ಶುದ್ಧ ಎಂಬ ಪದಗಳನ್ನು ಬಳಸುವವರು ಅದು ಯಾವ ಅರ್ಥದಲ್ಲಿ, ಯಾವ ಆಧಾರದಲ್ಲಿ ಎಂದು ತೋರಿಸಬೇಕು. ನಾವು ಜಾಹೀರಾತು ಕೊಡುವುದೇ ಇಲ್ಲವಲ್ಲ ಎಂದು ಮೊದಲು ಸಮಾಧಾನಪಟ್ಟುಕೊಂಡೆವು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಾಹೀರಾತು ಎಂಬುದರಲ್ಲಿ ಚೀಟಿ, ಹೊದಿಕೆ, ಬಿಲ್ಲು ಎಲ್ಲವೂ ಸೇರುತ್ತವೆ. ಹದಿನಾಲ್ಕು ಹೆಂಗಸರ ಸಂಘದ ಮೇಲೆ ಯಾರೂ ದಾವೆ ಹೂಡಲಿಕ್ಕಿಲ್ಲ, ನಿಜ. ಆದರೆ ಆಧಾರ ತೋರಿಸಿ ಎಂದರೆ ತೋರಿಸಲು ನಮ್ಮ ಬಳಿ ಆ ಎಲೆಯ ಚಿತ್ರವೊಂದೇ ಇತ್ತು.

ಹೀಗಾಗಿ ಮಳೆಗಾಲದ ನಾಲ್ಕು ತಿಂಗಳು ಒಂದೊಂದೇ ಬಟ್ಟೆಯನ್ನು ಹಿಡಿದು, ಅದು ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತಾ ಹೋದೆವು.

ಮೊದಲು ಇಳಕಲ್ ಸೀರೆ. ಇದರ ಬಗ್ಗೆ ನಮಗೆ ಹೆಚ್ಚು ಧೈರ್ಯವಿತ್ತು. ಹುನಗುಂದ ಕಡೆಯಿಂದ ಬಂದ ನಮ್ಮ ಸದಸ್ಯೆಯೊಬ್ಬರಿಗೆ ಬೆಂಕಿಪರೀಕ್ಷೆ ಗೊತ್ತು. ಅಂಚಿನಿಂದ ಒಂದೆಳೆ ದಾರ ಎಳೆದು ಕಡ್ಡಿ ಗೀರಿದರೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಸೀರೆಯ ಒಡಲು ಹತ್ತಿಯೇ. ಸೆರಗಿನ ಕೆಂಪು ದಾರ ಸುಟ್ಟಾಗ ಮಾತ್ರ ಕೋಣೆಯಲ್ಲಿ ಎಲ್ಲರೂ ಸುಮ್ಮನಾದೆವು. ಹತ್ತು ಸೀರೆಗಳಲ್ಲಿ ನಾಲ್ಕಕ್ಕೆ ಕೂದಲಿನ ವಾಸನೆ ಬರಲೇ ಇಲ್ಲ. ಅದು ಚಮಕಾ, ಅಂದರೆ ರೇಯಾನ್ ಎಂಬ ಕೃತಕ ರೇಷ್ಮೆ. ಚಮಕಾ ಸೆರಗಿನ ಇಳಕಲ್ ಸೀರೆ ಕೆಟ್ಟದ್ದೇನಲ್ಲ, ಎಷ್ಟೋ ಕಾಲದಿಂದ ಅಲ್ಲಿ ನೇಯುತ್ತಾರೆ, ಬೆಲೆಯೂ ಕಡಿಮೆ. ಅದನ್ನು ರೇಷ್ಮೆಯೆಂದು ಹೇಳಿ ಮಾರಿದ ನಾವು ತಪ್ಪು ಮಾಡಿದೆವು.

ನೇಯ್ಗೆ ಕೈಮಗ್ಗದ್ದೇ. ಹ್ಯಾಂಡ್‌ಲೂಮ್ ಮಾರ್ಕ್ ಇರುವ ಸೀರೆಗಳನ್ನೇ ತರಿಸುತ್ತೇವೆ. 2006ರಲ್ಲಿ ಬಂದ ಈ ಗುರುತಿನ ಉಸ್ತುವಾರಿ ನಮ್ಮ ಮುಂಬಯಿಯ ಪ್ರಭಾದೇವಿಯಲ್ಲಿರುವ ಜವಳಿ ಸಮಿತಿಯದು. ಆದರೆ ಆ ಗುರುತು ಹೇಳುವುದು ಇದು ಕೈಯಿಂದ ನೇಯ್ದದ್ದು ಎಂದು ಮಾತ್ರ. ನೂಲು ಯಾವ ಗಿರಣಿಯದು, ಅಲ್ಲಿ ಯಾರು ಎಷ್ಟು ಹೊತ್ತು ನಿಂತು ಕೆಲಸ ಮಾಡಿದರು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಕೈಮಗ್ಗವೆಂದರೆ ನೂಲೂ ಕೈಯದ್ದೇ ಎಂದುಕೊಳ್ಳುವವರು ಬಹಳ. ಖಾದಿಯನ್ನು ಬಿಟ್ಟರೆ ಕೈಮಗ್ಗಕ್ಕೆ ಬರುವ ಹತ್ತಿ ನೂಲು ಬಹುತೇಕ ಗಿರಣಿಯದ್ದೇ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಹೆಸರಿನಲ್ಲಿ, ಮದುವೆಗೆ ಇಡಿಗಂಟು ಕೊಡುತ್ತೇವೆಂದು ಹದಿಹರೆಯದ ಹುಡುಗಿಯರನ್ನು ವರ್ಷಗಟ್ಟಲೆ ಹಾಸ್ಟೆಲಿನಲ್ಲಿಟ್ಟು ದುಡಿಸಿದ ಕತೆ ಹೊರಬಿದ್ದದ್ದು ನೆನಪಿರಬಹುದು. ನಮ್ಮ ಸೀರೆಯ ನೂಲು ಎಲ್ಲಿಯದೆಂದು ಕೇಳಿದರೆ ನಮಗೆ ಸೀರೆ ಕೊಡುವವರು ‘ಬಜಾರಿನಿಂದ’ ಎಂದರು. ನೇಕಾರರಿಗೆ ಒಂದು ಸೀರೆಗೆ ಎಷ್ಟು ಮಜೂರಿ ಎಂದು ಕೇಳಿದ್ದಕ್ಕೆ ಫೋನಿನಲ್ಲಿ ಬಹಳ ಹೊತ್ತು ಮಾತೇ ಬರಲಿಲ್ಲ. ಈಗ ಇಬ್ಬರು ನೇಕಾರರಿಂದ ನೇರವಾಗಿ ಕೊಳ್ಳಲು ಶುರು ಮಾಡಿದ್ದೇವೆ, ಮಜೂರಿಯನ್ನು ಅವರೇ ಹೇಳಿದ್ದಾರೆ, ನಾವು ಚೌಕಾಸಿ ಮಾಡಿಲ್ಲ. ಉಳಿದ ಸೀರೆಗಳು ಸದ್ಯಕ್ಕೆ ಹಳೆಯ ದಾರಿಯಲ್ಲೇ ಬರುತ್ತವೆ.

ಎರಡನೆಯದು, ಬಿದಿರಿನ ನಾರಿನದೆಂದು ನಾವು ಮಾರುತ್ತಿದ್ದ ಕುರ್ತಾ. ಇಲ್ಲಿ ನಮ್ಮ ಬೆಂಕಿಪರೀಕ್ಷೆ ನಮಗೇ ಕೈಕೊಟ್ಟಿತು. ಕಾಗದದ ವಾಸನೆ, ಮೆದು ಬೂದಿ, ಎಲ್ಲ ಸರಿಯಾಗಿತ್ತು. ಆ ಹಿರಿಯರೇ ನಕ್ಕು, “ರೇಯಾನೂ ಹಾಗೆಯೇ ಉರಿಯುತ್ತದೆ, ಪ್ರಯೋಗಾಲಯಕ್ಕೆ ಕಳುಹಿಸಿ” ಎಂದರು. ವರದಿಯಲ್ಲಿ ಬಂದದ್ದು ಒಂದೇ ಪದ: ವಿಸ್ಕೋಸ್. ಅದು ರೇಯಾನಿನದೇ ಒಂದು ಬಗೆ. ಬಿದಿರನ್ನು ಅರೆದು ತಿರುಳು ಮಾಡಿ, ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ ಕರಗಿಸಿ, ಆಮ್ಲದ ತೊಟ್ಟಿಯೊಳಗೆ ಸಣ್ಣ ತೂತುಗಳಿಂದ ಎಳೆಯಾಗಿ ಹಿಂಡಿದರೆ ಸಿಗುವುದು ವಿಸ್ಕೋಸ್. ಆ ಕಾರ್ಬನ್ ಡೈಸಲ್ಫೈಡ್ ಕಾರ್ಮಿಕರ ನರಗಳಿಗೆ ಹಾನಿ ಮಾಡುತ್ತದೆ. ಬಿದಿರು ಗೊಬ್ಬರ, ಕೀಟನಾಶಕವಿಲ್ಲದೆ ಬೆಳೆಯುತ್ತದೆಂಬುದು ನಿಜವಿರಬಹುದು, ಆದರೆ ಎಳೆಯಾಗಿ ಹೊರಬರುವ ಹೊತ್ತಿಗೆ ಅದರಲ್ಲಿ ಬಿದಿರಿನ ಗುಣ ಉಳಿದಿರುವುದಿಲ್ಲ. ಯಾವ ಗಿಡದಿಂದ ಬಂದದ್ದೆಂದು ಪರೀಕ್ಷೆಯಿಂದಲೂ ತಿಳಿಯುವುದು ಕಷ್ಟ. ಅಮೆರಿಕದ ವ್ಯಾಪಾರ ಆಯೋಗವು 2009ರಲ್ಲೇ ರೇಯಾನನ್ನು ಬಿದಿರೆಂದು ಮಾರಿದ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತ್ತು. ನಮಗೆ ಅದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ನಮಗೆ ಬಟ್ಟೆ ಕೊಟ್ಟ ವ್ಯಾಪಾರಿಯನ್ನು ಕೇಳಿದರೆ, “ತಾಯಿ, ಎಲ್ಲರೂ ಹೀಗೇ ಬರೆಯುತ್ತಾರೆ” ಎಂದರು. ಸುಳ್ಳು ಹೇಳಿದರೆಂದು ಅವರನ್ನು ದೂರಲಾರೆ, ನಾವೂ ಹಾಗೆಯೇ ಬರೆದಿದ್ದೆವು.

ಮೂರನೆಯದು ನಮ್ಮ ಸಾದಾ ಹತ್ತಿ ಕುರ್ತಾ. ಇದರ ಬಟ್ಟೆಯ ಥಾನು ಇಲ್ಲೇ ಹತ್ತಿರದ ಭಿವಂಡಿಯ ವಿದ್ಯುತ್ ಮಗ್ಗದ್ದು. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದ ಮೇಲೆ ಮುಂಬಯಿಯ ಬಟ್ಟೆ ಎಷ್ಟೋ ಪಾಲು ಭಿವಂಡಿಯ ಶೆಡ್ಡುಗಳಿಗೆ ಹೋಯಿತು. ನಮ್ಮ ಅಧ್ಯಕ್ಷೆಯ ಮಾವ ಪರೇಲಿನ ಗಿರಣಿಯಲ್ಲಿದ್ದವರು, ಆ ಕತೆ ತೆಗೆದರೆ ಅವರ ಮನೆಯಲ್ಲಿ ಊಟ ತಡವಾಗುತ್ತದೆ. ಶೆಡ್ಡಿಗೆ ನಾವು ಹೋಗಿ ನೋಡಿದೆವು. ಹನ್ನೆರಡು ಗಂಟೆಯ ಪಾಳಿ, ಮಾತು ಕೇಳಿಸದ ಸದ್ದು, ಗಾಳಿಯಲ್ಲಿ ಹತ್ತಿಯ ನಾರು. ಚೀಟಿಯಲ್ಲಿ ಅದನ್ನೇ ಬರೆಯುತ್ತೇವೆ: ‘ವಿದ್ಯುತ್ ಮಗ್ಗ, ಭಿವಂಡಿ, 12 ಗಂಟೆ ಪಾಳಿ’. ಇದನ್ನು ಓದಿ ಕೆಲವರು ಕುರ್ತಾವನ್ನು ತಿರುಗಿ ಇಟ್ಟುಬಿಡಬಹುದು. ಬೇರೆ ಬಟ್ಟೆ ಸಿಗುವ ತನಕ ಇದೇ ಇರುತ್ತದೆ.

ನಿಜವಾದ ಮುಜುಗರ ಇನ್ನೂ ಹತ್ತಿರದಲ್ಲಿತ್ತು. ನೂಲು, ಮಗ್ಗ, ಬಣ್ಣ, ಹೊಲಿಗೆ ಎಂದು ಸಾಲು ಹಾಕಿ ಬರೆಯುತ್ತಾ ಹೊಲಿಗೆಗೆ ಬಂದಾಗ ‘ನಮ್ಮ ಸದಸ್ಯೆಯರು’ ಎಂದು ಹೆಮ್ಮೆಯಿಂದ ಬರೆದೆವು. ಆಗ ಯಾರೋ, “ಮತ್ತೆ ಕಾಜ?” ಎಂದರು. ಕಾಜ-ಗುಂಡಿಯ ಕೆಲಸ ಪಕ್ಕದ ಠಾಕುರ್ಲಿಯ ಐವರು ಹೆಂಗಸರ ಮನೆಗೆ ಹೋಗುತ್ತದೆ. ಅವರು ಸದಸ್ಯೆಯರಲ್ಲ, ವರ್ಷದ ಲಾಭದಲ್ಲಿ ಅವರಿಗೆ ಪಾಲಿಲ್ಲ. ಒಂದು ಕುರ್ತಾಕ್ಕೆ 8 ರೂಪಾಯಿ ಕೊಡುತ್ತಿದ್ದೆವು. ನಾನೇ ಕುಳಿತು ಗಡಿಯಾರ ನೋಡಿಕೊಂಡು ನಾಲ್ಕು ಕಾಜ ಹೊಲಿದೆ, ಗುಂಡಿ ಹಚ್ಚಿದೆ: ಅರ್ಧ ಗಂಟೆ. ಗಂಟೆಗೆ 16 ರೂಪಾಯಿ. ಡೊಂಬಿವಲಿಯಿಂದ ಠಾಕುರ್ಲಿಗೆ ಹೋಗಿ ಬರುವ ರಿಕ್ಷಾಕ್ಕೆ ಸಾಲುವುದಿಲ್ಲ. ನೇಕಾರರ ಮಜೂರಿ ಎಷ್ಟೆಂದು ಇಳಕಲ್ಲಿಗೆ ಫೋನು ಮಾಡಿ ದಬಾಯಿಸಿದವಳು ನಾನು.

ಬೆಲೆ ಏರಿದ್ದು ಬಹುಪಾಲು ಇದರಿಂದ. ಕಾಜಕ್ಕೆ ಈಗ 35 ರೂಪಾಯಿ, ಹೊಲಿಗೆಗೆ ಮೊದಲಿಗಿಂತ 40 ರೂಪಾಯಿ ಹೆಚ್ಚು, ಬಟ್ಟೆಯ ಪರೀಕ್ಷೆಗೆಂದು ಪ್ರತಿ ಕುರ್ತಾದಿಂದ 23 ರೂಪಾಯಿ ಎತ್ತಿಡುತ್ತೇವೆ. ಒಟ್ಟು 90. ಐವರಲ್ಲಿ ಮೂವರು ಸದಸ್ಯೆಯರಾಗಲು ಒಪ್ಪಿದ್ದಾರೆ. ಇಬ್ಬರು ಸಭೆಗೆ ಬಂದು ಕೂರುವ ತಾಪತ್ರಯ ಬೇಡ, ದರ ಸಿಕ್ಕರೆ ಸಾಕು ಎಂದರು. ಅವರ ಮಾತೂ ಸರಿಯೇ.

ದೊಡ್ಡ ಬ್ರ್ಯಾಂಡುಗಳನ್ನು ಹೇಗೆ ಅಳೆಯಬೇಕೆಂದು ಕೆಲವರು ನಮ್ಮನ್ನು ಕೇಳುತ್ತೀರಿ. ನಮ್ಮ ಅಳತೆಯೇ ಇಷ್ಟು ಸೊಟ್ಟಗಿದ್ದಾಗ ಊರಿಗೆ ಉಪದೇಶ ಮಾಡುವ ಬಾಯಿ ನನಗಿಲ್ಲ. ಆದರೆ ಹುಡುಕಾಟದಲ್ಲಿ ತಿಳಿದದ್ದನ್ನು ಹೇಳಬಹುದು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಗುರುತಿದ್ದರೆ ಬಟ್ಟೆಯಲ್ಲಿ ಮೈಗೆ ಹಾನಿಮಾಡುವ ರಾಸಾಯನಿಕ ಉಳಿದಿದೆಯೇ ಎಂದು ಪರೀಕ್ಷೆಯಾಗಿದೆ ಎಂದರ್ಥ. ಅನ್ನದಲ್ಲಿ ವಿಷವಿಲ್ಲವೆಂದ ಮಾತ್ರಕ್ಕೆ ಅಡುಗೆಯವಳಿಗೆ ಸಂಬಳ ಸಿಕ್ಕಿತು ಎಂದಾಗುವುದಿಲ್ಲವಲ್ಲ. ಸಾವಯವ ಬಟ್ಟೆಗೆಂದೇ ಇರುವ ಗಾಟ್ಸ್ (GOTS) ಎಂಬ ಅಂತರರಾಷ್ಟ್ರೀಯ ಗುರುತು ಹೆಚ್ಚು ಕಟ್ಟುನಿಟ್ಟು: ‘ಸಾವಯವ’ ಎಂದು ಬರೆಯಲು ಕನಿಷ್ಠ ಶೇ 95ರಷ್ಟು ಸಾವಯವ ನಾರು ಇರಬೇಕು, ಬಣ್ಣದ ನೀರಿಗೂ ಕಾರ್ಮಿಕರಿಗೂ ನಿಯಮಗಳಿವೆ. ಅದರಲ್ಲೂ 2020ರಲ್ಲಿ ನಮ್ಮ ದೇಶದಲ್ಲೇ ನಕಲಿ ಪ್ರಮಾಣಪತ್ರಗಳ ಹಗರಣ ಬಯಲಾಯಿತು, ಬಯಲು ಮಾಡಿದವರು ಗಾಟ್ಸ್‌ನವರೇ. ತಪಾಸಣೆಯ ಮಿತಿಗೆ ಉದಾಹರಣೆ ಬಾಂಗ್ಲಾದೇಶದ ರಾಣಾ ಪ್ಲಾಜಾ. 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಆ ಕಟ್ಟಡದ ಕೆಲವು ಗಾರ್ಮೆಂಟ್ ಘಟಕಗಳು ಮೊದಲೇ ತಪಾಸಣೆಗೆ ಒಳಗಾಗಿದ್ದವು. ತಪಾಸಣೆಯವರು ಪಟ್ಟಿಯಲ್ಲಿದ್ದದ್ದನ್ನು ನೋಡಿದರು, ಗೋಡೆಯ ಗಟ್ಟಿತನ ಪಟ್ಟಿಯಲ್ಲಿರಲಿಲ್ಲ.

ಹಾಗಾಗಿ ಮಾಲಿನಲ್ಲಿ ‘ಕಾನ್ಷಿಯಸ್’, ‘ಗ್ರೀನ್’ ಎಂಬ ಚೀಟಿ ಕಂಡರೆ ನಾನು ಈಗ ನೋಡುವುದು ಒಂದನ್ನೇ: ಕಾರ್ಖಾನೆಯ ಹೆಸರನ್ನೂ ಊರನ್ನೂ ಬರೆದಿದ್ದಾರೆಯೇ? ಬರೆದರೆ ಒಳ್ಳೆಯವರೆಂದಲ್ಲ, ಹೋಗಿ ಕೇಳಲು ಒಂದು ವಿಳಾಸವಾದರೂ ಸಿಕ್ಕಿತು.

ನಮ್ಮ ಹೊಸ ಚೀಟಿ ಸಾದಾ ಕಾಗದ, ಎಲೆಯ ಚಿತ್ರವಿಲ್ಲ. ನಾರು, ನೂಲು, ಮಗ್ಗ, ಬಣ್ಣ, ಹೊಲಿಗೆ, ಕಾಜ ಎಂದು ಆರು ಸಾಲು. ತಿಳಿದದ್ದನ್ನು ಬರೆದಿದ್ದೇವೆ, ತಿಳಿಯದ ಕಡೆ ಖಾಲಿ ಬಿಟ್ಟಿದ್ದೇವೆ. ಈಗ ಹೆಚ್ಚಿನ ಬಟ್ಟೆಗಳಲ್ಲಿ ‘ನೂಲು’, ‘ಬಣ್ಣ’ ಎರಡೂ ಖಾಲಿ. ಅಚ್ಚಿನವನು ತಪ್ಪಾಗಿದೆಯೆಂದು ಎರಡು ಸಲ ಫೋನು ಮಾಡಿದ.

ಇನ್ನು ಹಣದ ಮಾತು. ಬಿದಿರಿನ ಕುರ್ತಾ ಕೊಂಡವರು ನವೆಂಬರ್ 30ರೊಳಗೆ ತಂದು ಕೊಟ್ಟರೆ ಪೂರ್ತಿ ಹಣ ವಾಪಸು, ತೊಟ್ಟಿದ್ದರೂ ಒಗೆದಿದ್ದರೂ ಅಡ್ಡಿಯಿಲ್ಲ, ಬಿಲ್ಲು ಬೇಡ. ಇಷ್ಟವಾಗಿದ್ದರೆ ಇಟ್ಟುಕೊಳ್ಳಿ, ಅದು ಹರಿಯುವ ತನಕ ತೊಡಲು ಚೆನ್ನಾಗಿಯೇ ಇದೆ. ರೇಷ್ಮೆಯೆಂದು ನಂಬಿ ಚಮಕಾ ಸೆರಗಿನ ಸೀರೆ ಕೊಂಡವರು ಸೀರೆಯೊಂದಿಗೆ ಬನ್ನಿ, ಒಂದೆಳೆ ಸುಟ್ಟು ನೋಡೋಣ, ಬೆಲೆಯ ವ್ಯತ್ಯಾಸವನ್ನು ಕೊಡುತ್ತೇವೆ. ನಮ್ಮಲ್ಲಿ ಕೊಂಡ ಯಾವುದೇ ಬಟ್ಟೆಯ ಹೊಲಿಗೆ ಬಿಚ್ಚಿದರೆ, ಗುಂಡಿ ಹೋದರೆ ರಿಪೇರಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಹಳೆಯ ಹತ್ತಿ ಸೀರೆಗಳಿದ್ದರೆ ಒಗೆದು ತನ್ನಿ, ಶನಿವಾರ ಮಧ್ಯಾಹ್ನ ಅಂಗಡಿಯ ಮಾಳಿಗೆಯಲ್ಲಿ ಚಿಂದಿ ಸೇರಿಸಿ ಕೌದಿ ಹೊಲಿಯುತ್ತೇವೆ. ಸೂಜಿ ನಾವು ಕೊಡುತ್ತೇವೆ, ಕನ್ನಡಕ ನಿಮ್ಮದೇ ತನ್ನಿ.

ಇಂತಿ,
ಸಂಘದ ಪರವಾಗಿ
ಕಾರ್ಯದರ್ಶಿ, ಡೊಂಬಿವಲಿ