ಪುಟ್ಟಿ, ನಿನ್ನ ಹಳೇ ಟ್ಯಾಬ್ ಬಗ್ಗೆ

ಪುಟ್ಟಿ,

ಹೋದ ಭಾನುವಾರ ಫೋನಲ್ಲಿ ನೀನು ಒಂದು ಮಾತು ಹೇಳಿದೆ. "ಅಜ್ಜಿ ಮನೆದು ಒಂದು ಫೋಟೋನೂ ಸರಿಯಾಗಿಲ್ಲ ಅಲ್ವಾ ಅಪ್ಪ, ನಾನು ಹಳೇ ಟ್ಯಾಬ್‌ನಲ್ಲಿ ಕಟ್ಟಿದ್ದಾದ್ರೂ ಇರಬೇಕಿತ್ತು" ಅಂತ. ಅಷ್ಟು ಹೇಳಿ ಹಾಸ್ಟೆಲ್ ಮೆಸ್ಸಿನ ಸಾಂಬಾರಿನ ಕಥೆಗೆ ಹೋದೆ. ನಾನು ಹೂಂ ಹೂಂ ಅಂದೆ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಲ್ಲಿ ಇದನ್ನು ಹೇಳೋಕೆ ನನ್ನಿಂದ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಟ್ಯಾಬ್ ಅಂಗಡಿಗೆ ಕೊಟ್ಟುಬಿಟ್ಟವನು ನಾನು. ನೀನು ಒಂಬತ್ತನೇ ಕ್ಲಾಸು. ದೀಪಾವಳಿ ಎಕ್ಸ್‌ಚೇಂಜ್ ಆಫರ್ ಇತ್ತು, ಹಳೇದು ಕೊಟ್ಟರೆ ಹೊಸದರಲ್ಲಿ ಸಾವಿರದೈನೂರು ಕಡಿಮೆ. ಚಾರ್ಜರ್ ಪಿನ್ನನ್ನು ಓರೆಯಾಗಿ ಹಿಡಿದುಕೊಂಡರೆ ಮಾತ್ರ ಚಾರ್ಜ್ ಆಗುತ್ತಿತ್ತು, ಮೂಲೆಯಲ್ಲಿ ಗಾಜು ಒಡೆದಿತ್ತು, ನೀನೂ ಅದನ್ನು ಮುಟ್ಟಿ ತಿಂಗಳುಗಳಾಗಿದ್ದವು. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಸಂಜೆ ಹೊಸ ಟ್ಯಾಬ್ ಕೈಗಿಟ್ಟಾಗ ನೀನು ಮೊದಲು ಕೇಳಿದ್ದು "ಹಳೇದು ಎಲ್ಲಿ?" ಅಂತ. ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು "ಪರವಾಗಿಲ್ಲ ಅಪ್ಪ" ಅಂದೆ. ನಾನು ಅದನ್ನು ನಂಬಿಬಿಟ್ಟೆ.

ಮೈನ್‌ಕ್ರಾಫ್ಟ್ ಅನ್ನೋ ಆ ಕಟ್ಟೋ ಆಟದಲ್ಲಿ ನೀನು ಕಟ್ಟಿದ ಲೋಕ ಆ ಟ್ಯಾಬ್ ಒಳಗೇ ಇರುತ್ತದೆ, ಟ್ಯಾಬ್ ಹೋದರೆ ಅದೂ ಹೋಯಿತು. ಇದು ನನಗೆ ಗೊತ್ತಿತ್ತು ಪುಟ್ಟಿ. ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು, ಯಾಕೆಂದರೆ ನಮ್ಮ ಮನೆಯ ಮೂರು ರ‍್ಯಾಕ್ ತುಂಬ ಇರೋದು ಹಳೇ ವಿಡಿಯೋ ಗೇಮ್‌ಗಳು. ಅದರ ಹಿಂದೆ ಯಾಕೆ ಬಿದ್ದೆ ಅನ್ನೋದನ್ನು ನಿನಗೆ ಯಾವತ್ತೂ ಪೂರ್ತಿ ಹೇಳಿಲ್ಲ.

1994ರಲ್ಲಿ ನಿಮ್ಮ ಅಜ್ಜ ಬೆಂಗಳೂರು ಡ್ಯೂಟಿ ಮುಗಿಸಿ ಬರುವಾಗ ಮೆಜೆಸ್ಟಿಕ್ ಹತ್ತಿರದ ಅಂಗಡಿಯಿಂದ ಒಂದು ಟಿವಿ ಗೇಮ್ ತಂದರು. ಸಾವಿರದ ಇನ್ನೂರು ರೂಪಾಯಿ. ಕಂಡಕ್ಟರ್ ಸಂಬಳದಲ್ಲಿ ಅದು ಎಷ್ಟು ದೊಡ್ಡದು ಅಂತ ಆಗ ನಮಗೆ ತಿಳಿಯಲಿಲ್ಲ. ಬಾಕ್ಸ್ ಕೊಡುವಾಗ ಅಜ್ಜ ಹೇಳಿದ್ದು ಒಂದೇ ಮಾತು, "ಇಬ್ಬರಿಗೂ ಸೇರಿ." ಇಬ್ಬರು ಅಂದರೆ ನಾನು ಮತ್ತು ನನಗಿಂತ ಎರಡು ವರ್ಷ ಚಿಕ್ಕವಳಾದ ನಿನ್ನ ಅತ್ತೆ.

ಅದು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನೋ ಗೇಮ್ ಮೆಷಿನ್ನಿನ ನಕಲು ಅಂತ ನನಗೆ ತಿಳಿದಿದ್ದು ಎಷ್ಟೋ ವರ್ಷ ಆದಮೇಲೆ. ಅಸಲಿ ಜಪಾನಿನಲ್ಲಿ ಬಂದಿದ್ದು 1983ರ ಜುಲೈನಲ್ಲಿ, ನಾನು ಹುಟ್ಟಿದ ವರ್ಷ. ನಮ್ಮ ದಾವಣಗೆರೆಯ ಓಣಿಯಲ್ಲಿ ಯಾರೂ ಅಸಲಿ ನೋಡಿರಲಿಲ್ಲ, ನಕಲೇ ನಮಗೆ ಅಸಲಿ. ಅದಕ್ಕೆ ಹಾಕೋದನ್ನು ಕ್ಯಾಸೆಟ್ ಅಂತಿದ್ದೆವು. ಕ್ಯಾಸೆಟ್ ಮೇಲೆ 9999999 ಗೇಮ್ಸ್ ಅಂತ ಬರೆದಿರೋದು, ಒಳಗೆ ಇರೋದು ಬೆರಳೆಣಿಕೆಯಷ್ಟು, ಅವೇ ಮತ್ತೆ ಮತ್ತೆ ಬರೋವು. ಮಾರಿಯೋ ಇತ್ತು. ಆ ಇಡೀ ಮಾರಿಯೋ ಆಟ 40 ಕಿಲೋಬೈಟ್, ನೀನು ವಾಟ್ಸಾಪ್‌ನಲ್ಲಿ ಕಳಿಸೋ ಒಂದು ಫೋಟೋಗಿಂತ ಚಿಕ್ಕದು. ಕ್ಯಾಸೆಟ್ ಓಡದಿದ್ದರೆ ತೆಗೆದು ಉಫ್ ಅಂತ ಊದಿ ಮತ್ತೆ ಹಾಕುತ್ತಿದ್ದೆವು. ಊದಿದ್ದರಿಂದ ಓಡುತ್ತೆ ಅಂತ ನಂಬಿಕೆ. ನಿಜವಾಗಿ ಕೆಲಸ ಮಾಡುತ್ತಿದ್ದದ್ದು ತೆಗೆದು ಮತ್ತೆ ಹಾಕಿದ್ದು, ಊದಿದ ತೇವಕ್ಕೆ ಪಿನ್ನುಗಳು ತುಕ್ಕು ಹಿಡಿಯುತ್ತವೆ. ಈಗ ನಾನು ಬಜಾರಿನಿಂದ ತಂದ ಕ್ಯಾಸೆಟ್‌ಗಳನ್ನು ಬಿಚ್ಚಿ ಪಿನ್ ಒರೆಸುತ್ತಾ ಕೂತಿರುತ್ತೇನಲ್ಲ, ಯಾವುದೋ ಊರಿನ ಯಾವುದೋ ಮಕ್ಕಳು ಊದಿದ ಗುರುತು ಅದು.

ಎರಡು ರಿಮೋಟ್ ಇದ್ದವು. ಸ್ಟಾರ್ಟ್ ಬಟನ್ ಇದ್ದದ್ದು ಒಂದನೇ ರಿಮೋಟ್‌ನಲ್ಲಿ ಮಾತ್ರ, ಅದು ಯಾವಾಗಲೂ ನನ್ನ ಕೈಲಿ. ಆಟ ಶುರು ಮಾಡೋದು, ನಿಲ್ಲಿಸೋದು ಎಲ್ಲ ನಾನೇ. ಎರಡನೇದು ಅತ್ತೆಗೆ. ಅದು ತನ್ನದು ಅಂತ ಗುರುತಿಗೆ ಅವಳು ಅದರ ಹಿಂದೆ ನಮ್ಮಮ್ಮನ ನೇಲ್ ಪಾಲಿಶ್‌ನಲ್ಲಿ ಒಂದು ಹೂವು ಬರೆದಿದ್ದಳು. ಐದು ಎಸಳು. ಒಂದು ಎಸಳಿನ ಬಣ್ಣ ಅಂಚಿನಿಂದ ಮುಂದಕ್ಕೆ ಇಳಿದು ಬಿ ಬಟನ್ ಸಂದಿಗೆ ಸೇರಿಕೊಂಡಿತ್ತು. ಹಾಗಾಗಿ ಆ ಬಟನ್ ಒತ್ತಿದರೆ ಒಂಚೂರು ತಡವಾಗಿ ಮೇಲೆ ಬರುತ್ತಿತ್ತು. ಕಾಂಟ್ರಾ ಅಂತ ಇಬ್ಬರು ಸೇರಿ ಗುಂಡು ಹಾರಿಸೋ ಆಟ, ಅದರಲ್ಲಿ ಬಿ ಅಂದರೆ ಗುಂಡು. ಪಾಪ, ಅವಳು ಅದರಲ್ಲೇ ಆಡುತ್ತಿದ್ದಳು. ಕಾಂಟ್ರಾದಲ್ಲಿ ಇನ್ನೊಂದಿದೆ, ನಿನ್ನ ಲೈಫ್ ಎಲ್ಲ ಮುಗಿದರೆ ಜೊತೆಗಿದ್ದವರ ಲೈಫ್ ತೆಗೆದುಕೊಂಡು ಆಡಬಹುದು, ಅವರನ್ನು ಕೇಳಬೇಕಾಗಿಲ್ಲ. ನಾನು ಎಷ್ಟು ಸಲ ಅವಳದ್ದು ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ.

1998ರಲ್ಲಿ ಅದನ್ನು ಮಾರಿದೆ. ನನಗೆ ಕ್ರಿಕೆಟ್ ಬ್ಯಾಟ್ ಬೇಕಿತ್ತು. ಹಿಂದಿನ ಬೀದಿ ಹುಡುಗ ಇನ್ನೂರೈವತ್ತು ಕೊಡ್ತೀನಿ ಅಂದ, ಮೆಷಿನ್, ಎರಡೂ ರಿಮೋಟ್, ಟಿವಿಯ ಬಾತುಕೋಳಿಗೆ ಗುರಿ ಇಡೋ ಆಟದ ಗನ್ನು, ಕ್ಯಾಸೆಟ್ ಎಲ್ಲ ಚೀಲಕ್ಕೆ ತುಂಬಿ ಕೊಟ್ಟೆ. ಅತ್ತೆ ಟ್ಯೂಷನ್ನಿಂದ ಬಂದಳು. ಟಿವಿ ಸ್ಟ್ಯಾಂಡಿನಲ್ಲಿ ಮೆಷಿನ್ ಇದ್ದ ಜಾಗ ಮಾತ್ರ ಚೌಕವಾಗಿ ಸ್ವಚ್ಛ, ಸುತ್ತ ಧೂಳು. ಅವಳು ಅದನ್ನು ನೋಡಿದಳು. "ನನ್ನ ರಿಮೋಟೂ ಕೊಟ್ಯಾ?" ಅಂದಳು. ಜಗಳ ಆಡಲಿಲ್ಲ, ಅಮ್ಮನಿಗೆ ಹೇಳಲಿಲ್ಲ. ಲಂಗದ ತುದಿಯಿಂದ ಧೂಳು ಒರೆಸಿ ಒಳಗೆ ಹೋದಳು. ಬ್ಯಾಟ್ ಎರಡನೇ ಬೇಸಿಗೆಗೆ ಸೀಳಿತು.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಮೇಲೆ ನಾನು ಭಾನುವಾರ ಬೆಳಿಗ್ಗೆ ಆರಕ್ಕೇ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಹೋಗಲು ಶುರು ಮಾಡಿದೆ. ನಿನ್ನ ಅಮ್ಮ ಅದನ್ನು ಹುಚ್ಚು ಅಂತಾಳೆ, ನೀನು ಹಾಬಿ ಅಂತೀಯ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಹುಡುಕಿದ್ದೇನೆ. ನಮ್ಮದರ ಥರದ್ದೇ ಮೆಷಿನ್ ನಾಲ್ಕು ಸಿಕ್ಕಿವೆ. ಜಪಾನಿನ ಅಸಲಿಯೂ ಒಂದಿದೆ. ಬಾತುಕೋಳಿ ಹೊಡೆಯೋ ಗನ್ನಿಗಾಗಿಯೇ ಆ ಡಬ್ಬಾ ಟಿವಿ ಇಟ್ಟುಕೊಂಡಿದ್ದೇನೆ. ಟ್ರಿಗರ್ ಒತ್ತಿದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗಿ ಬಾತುಕೋಳಿ ಇರೋ ಕಡೆ ಬಿಳಿ ಚೌಕ ಬರುತ್ತೆ, ಗನ್ನು ಆ ಬೆಳಕನ್ನು ನೋಡುತ್ತೆ. ಈಗಿನ ಟಿವಿಗಳಲ್ಲಿ ಆ ಲೆಕ್ಕ ತಪ್ಪುತ್ತೆ. ಆದರೆ ಬಜಾರಿನಲ್ಲಿ ಯಾವ ಸೆಟ್ ಕಂಡರೂ ನನ್ನ ಕೈ ಮೊದಲು ಹೋಗೋದು ಎರಡನೇ ರಿಮೋಟ್‌ಗೆ. ತಿರುಗಿಸಿ ಹಿಂಬದಿ ನೋಡುತ್ತೇನೆ. ಇಷ್ಟು ವರ್ಷದಲ್ಲಿ ಒಂದರ ಮೇಲೂ ಹೂವು ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಿನ್ನ ಟ್ಯಾಬ್ ಕೊಟ್ಟೆ ಅನ್ನೋದು ನನಗೆ ನುಂಗಲು ಆಗುತ್ತಿಲ್ಲ. ನನ್ನದು ಪ್ಲಾಸ್ಟಿಕ್, ಅಂಥದ್ದು ಇನ್ನೊಂದು ಸಿಗುತ್ತೆ. ನೀನು ಕಟ್ಟಿದ್ದು ಅಜ್ಜಿ ಮನೆ. ನಿಜವಾದ ಮನೆ ಪಾಲಾಗಿ, ಕೆಡವಿ, ಈಗ ಅಲ್ಲಿ ಬೇರೆಯವರ ಶೆಡ್ ಇದೆ. ಐದನೇ ಕ್ಲಾಸಿನ ಬೇಸಿಗೆ ರಜೆ ಪೂರ್ತಿ ಕೂತು ಕಟ್ಟಿದ್ದೆ, ಪಡಸಾಲೆಯಲ್ಲಿ ಎಷ್ಟು ಕಂಬ ಅಂತ ಅಜ್ಜಿಗೆ ಫೋನ್ ಮಾಡಿ ಕೇಳಿದ್ದೆ. ಅಜ್ಜಿ ಎದ್ದು ಹೋಗಿ ಎಣಿಸಿಕೊಂಡು ಬಂದು ಹೇಳಿದ್ದರು.

ಸೋಮವಾರ ಆ ಅಂಗಡಿಗೆ ಹೋಗಿದ್ದೆ. ಅವತ್ತಿನ ಮಾಲು ಅವತ್ತೇ ಹೋಯಿತು ಸಾರ್ ಅಂದರು. ನಿನ್ನ ಹಳೇ ಮೆಮೊರಿ ಕಾರ್ಡ್ ಎರಡೂ ನೋಡಿದೆ, ಬರೀ ಹಾಡು. ಕೊನೆಗೆ ಅತ್ತೆಗೆ ಫೋನ್ ಮಾಡಿದೆ. ಅವಳು ಏನನ್ನೂ ಡಿಲೀಟ್ ಮಾಡಲ್ಲ, ನಿನಗೇ ಗೊತ್ತಲ್ಲ. ನೀನು ಆಗ ಅವಳಿಗೆ ಕಳಿಸಿದ್ದ ಎರಡು ಸ್ಕ್ರೀನ್‌ಶಾಟ್ ಸಿಕ್ಕವು. ಅದೇ ಫೋನಿನಲ್ಲಿ, ಇಪ್ಪತ್ತೇಳು ವರ್ಷ ತಡವಾಗಿ, ರಿಮೋಟ್ ಕೊಟ್ಟಿದ್ದು ತಪ್ಪಾಯ್ತು ಅಂತ ಅವಳಿಗೂ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರ್ಕಸ್ ಆಟದಲ್ಲಿ ನಾನು ಕುದುರೆ ಸ್ಟೇಜ್‌ವರೆಗೂ ಬಂದಿದ್ದೆ ಕಣೋ, ಅದು ದಾಟೋಕೆ ಆಗ್ಲೇ ಇಲ್ಲ" ಅಂದಳು. ನೀನು ರಜೆಗೆ ಬರೋ ವಾರ ಅವಳೂ ಬರುತ್ತಾಳೆ. ಡಬ್ಬಾ ಟಿವಿ ಒರೆಸಿ ಇಟ್ಟಿದ್ದೇನೆ. ಒಂದನೇ ರಿಮೋಟ್ ಅವಳಿಗೆ.

ನಿನ್ನ ಕಪಾಟು, ಮಂಚದ ಕೆಳಗಿನ ನೀಲಿ ಟ್ರಂಕು ಹಾಗೇ ಇವೆ. ಅದರಿಂದ ಏನು ಹೋಗಬೇಕು, ಏನು ಉಳಿಯಬೇಕು ಅಂತ ನೀನೇ ಬಂದು ಹೇಳು. ಅಲ್ಲಿಯವರೆಗೆ ಯಾರೂ ಮುಟ್ಟಲ್ಲ, ಅಮ್ಮನಿಗೂ ಹೇಳಿದ್ದೇನೆ.

ಸ್ಕ್ರೀನ್‌ಶಾಟ್ ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಒಂದರಲ್ಲಿ ಪಡಸಾಲೆಯ ಕಂಬಗಳು ಕಾಣುತ್ತವೆ, ಇನ್ನೊಂದರಲ್ಲಿ ಬಾವಿ ಮತ್ತು ತುಳಸಿಕಟ್ಟೆ. ಹಿಂದಿನ ಕೊಟ್ಟಿಗೆ ಎರಡರಲ್ಲೂ ಬಂದಿಲ್ಲ. ಅದರಲ್ಲಿ ನೀನು ಎಷ್ಟು ಹಸು ಕಟ್ಟಿದ್ದೆ ಪುಟ್ಟಿ?

ನಿನ್ನ
ಅಪ್ಪ