ಕೆರೆಕೋಡಿ ಬೀದಿ ನಿವಾಸಿಗಳ ಮನವಿ ಪತ್ರ: ಕೇಳಿದ್ದು ಚರಂಡಿ, ಬಂದದ್ದು ಜೆಸಿಬಿ

ಇವರಿಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಪುರಸಭೆ ಕಾರ್ಯಾಲಯ,
ಹಾಸನ ಜಿಲ್ಲೆ.

ಇವರಿಂದ,
ಕೆರೆಕೋಡಿ ಬೀದಿಯ ನಿವಾಸಿಗಳು.

ವಿಷಯ: ನಮ್ಮ ಬೀದಿಯ ಮನೆ, ಮಳಿಗೆಗಳನ್ನು ಕೆಡವಿದ್ದು, ಅದಕ್ಕೆ ನಮ್ಮದೇ ದೂರನ್ನು ನೆಪ ಮಾಡಿಕೊಂಡದ್ದು ಹಾಗೂ ಇಂದಿಗೂ ಆಗದ ಚರಂಡಿಯ ಬಗ್ಗೆ.

ಉಲ್ಲೇಖ: ನಮ್ಮ ಹಿಂದಿನ ಒಂಬತ್ತು ಅರ್ಜಿಗಳು (ಸ್ವೀಕೃತಿ ಮೊಹರಿನ ನಕಲುಗಳನ್ನು ಲಗತ್ತಿಸಿದೆ. ಮೂಲ ಪ್ರತಿಗಳು ತಮ್ಮ ಕಚೇರಿಯಲ್ಲೇ ಇರಬೇಕು, ಇದ್ದರೆ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ವಿನಂತಿಸಿಕೊಂಡು ನಮಗೆ ಸಾಕಾಗಿದೆ. ಇದು ಹತ್ತನೆಯ ಅರ್ಜಿ. ಮೊದಲ ಒಂಬತ್ತರಲ್ಲಿ ನಾವು ಕೇಳಿದ್ದು ಒಂದೇ: ಮೇಲಿನ ಬಡಾವಣೆಯ ಕೊಳಚೆ ನಮ್ಮ ಬಾಗಿಲಿಗೆ ಬರುತ್ತಿದೆ, ಕಾಲುವೆಯ ಹೂಳೆತ್ತಿಸಿ, ಚರಂಡಿ ಕಟ್ಟಿಸಿ. ಹೋದ ತಿಂಗಳ ಎರಡನೇ ಶನಿವಾರ ನಮಗೆ ಉತ್ತರ ಬಂತು. ಎರಡು ಜೆಸಿಬಿ, ಒಂದು ಟಿಪ್ಪರ್, ಹಿಂದೆ ಪೊಲೀಸ್ ವ್ಯಾನು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮನೆ, ನಾಲ್ಕು ಮಳಿಗೆ ನೆಲಕ್ಕೆ ಬಿದ್ದಿದ್ದವು. ಚರಂಡಿ ಮಾತ್ರ ಹೇಗಿತ್ತೋ ಹಾಗೇ ಇದೆ. ಹಾಗೇ ಇದೆ ಎಂದರೂ ತಪ್ಪು, ಈಗ ಅದರೊಳಗೆ ಒಡೆದ ಗೋಡೆಗಳ ಇಟ್ಟಿಗೆಯೂ ತುಂಬಿಕೊಂಡಿದೆ.

ಎರಡನೇ ಶನಿವಾರ ಸರ್ಕಾರಿ ರಜೆ. ಆ ದಿನ ತಮ್ಮ ಕಚೇರಿಗೆ ಬಂದರೆ ಒಂದು ಜನನ ಪ್ರಮಾಣಪತ್ರವೂ ಸಿಗುವುದಿಲ್ಲ, ಗೇಟಿಗೆ ಬೀಗ. ಮನೆ ಕೆಡವುದಕ್ಕೆ ಮಾತ್ರ ರಜೆ ಇರಲಿಲ್ಲ. ಕೋರ್ಟಿಗೆ ರಜೆ ಇತ್ತು ಎಂಬುದು ತಮಗೂ ಗೊತ್ತಿತ್ತು, ನಮಗೂ ಗೊತ್ತಾಯಿತು.

ಈಗ ನೋಟಿಸಿನ ಮಾತು. ಅದರ ಮೇಲೆ ಹಾಕಿರುವ ದಿನಾಂಕ ಕೆಡವಿದ ದಿನಕ್ಕಿಂತ ಸರಿಯಾಗಿ ಹದಿನೇಳು ದಿನ ಹಿಂದಿನದು. ಗೋಡೆಗೆ ಅಂಟಿಸಿದ್ದು ಶುಕ್ರವಾರ ರಾತ್ರಿ. ಶನಿವಾರ ಬೆಳಗ್ಗೆ ನಾವು ಮುಟ್ಟಿ ನೋಡಿದಾಗ ಮೈದಾ ಗೋಂದು ಇನ್ನೂ ಒಣಗಿರಲಿಲ್ಲ, ಕಾಗದದ ಅಂಚಿನಿಂದ ಇಳಿದು ಗೋಡೆ ಮೇಲೆ ಬೆಳ್ಳಗೆ ಗೆರೆ ಕಟ್ಟಿತ್ತು. ನೋಟಿಸನ್ನು ಅಂಚೆಯಲ್ಲೂ ಕಳಿಸಿದ್ದೇವೆ ಎಂದು ತಮ್ಮ ಸಿಬ್ಬಂದಿ ಹೇಳಿದರು. ಈ ಅರ್ಜಿ ಬರೆಯುತ್ತಿರುವ ನಾನು ಇದೇ ಬೀದಿಗೆ ಅಂಚೆ ಹಂಚಿ ನಿವೃತ್ತನಾದವನು. ನನ್ನ ನಂತರ ಬಂದ ಹುಡುಗ ದಿನಾ ನಮ್ಮ ಜಗಲಿಯಲ್ಲೇ ಕೂತು ನೀರು ಕುಡಿದು ಹೋಗುತ್ತಾನೆ. ಒಂದೇ ಒಂದು ರಿಜಿಸ್ಟರ್ ಕಾಗದ ಈ ಬೀದಿಗೆ ಬಂದಿಲ್ಲ. ಈ ಸುಳ್ಳನ್ನು ಬೇರೆ ಯಾವುದಾದರೂ ಬೀದಿಯಲ್ಲಿ ಹೇಳಬಹುದಿತ್ತು.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಕೊಟ್ಟ ತೀರ್ಪನ್ನು ತಾವು ಓದಿರಬೇಕು. ಓದಿಲ್ಲದಿದ್ದರೆ ಇದರೊಂದಿಗೆ ಇಟ್ಟಿದ್ದೇವೆ. ನೋಟಿಸು ರಿಜಿಸ್ಟರ್ ಅಂಚೆಯಲ್ಲಿ ಹೋಗಬೇಕು, ಕಟ್ಟಡದ ಹೊರಗೂ ಅಂಟಿಸಬೇಕು. ತಲುಪಿದ ದಿನದಿಂದ 15 ದಿನ ಕಾಲಾವಕಾಶ. ಕರೆದು ಕೂರಿಸಿ ವಿಚಾರಣೆ. ಕೆಡವದೆ ಬೇರೆ ದಾರಿಯೇ ಇಲ್ಲವೇ ಎಂದು ಕಾರಣ ಬರೆದ ಆದೇಶ. ಆದೇಶದ ಮೇಲೆ ಮತ್ತೆ 15 ದಿನ. ಕೆಡವುವಾಗ ವಿಡಿಯೋ ಚಿತ್ರೀಕರಣ. ಹಳೇ ತಾರೀಕು ಹಾಕುವ ಚಾಳಿ ಕೋರ್ಟಿಗೂ ಗೊತ್ತಿರುವುದರಿಂದಲೇ, ನೋಟಿಸು ಕೊಟ್ಟ ಕೂಡಲೇ ಜಿಲ್ಲಾಧಿಕಾರಿಗಳಿಗೆ ಇ-ಮೇಲ್ ಹೋಗಬೇಕು, ಅಲ್ಲಿಂದ ತಾನಾಗಿ ಉತ್ತರ ಬರಬೇಕು ಎಂದೂ ಹೇಳಿದೆ. ಆ ಇ-ಮೇಲಿನ ನಕಲು ಕೊಡಿ, ನಾವು ಇಲ್ಲಿಗೇ ಮಾತು ನಿಲ್ಲಿಸುತ್ತೇವೆ. ಇದನ್ನೆಲ್ಲ ಮೀರಿದ ಅಧಿಕಾರಿ ಕೆಡವಿದ್ದನ್ನು ಸ್ವಂತ ಖರ್ಚಿನಲ್ಲಿ ಕಟ್ಟಿಕೊಡಬೇಕು ಎಂಬ ಸಾಲನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸಿದ್ದೇವೆ.

ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ನದಿ, ಕೆರೆಗಳ ಒತ್ತುವರಿಗೆ ಈ ತೀರ್ಪು ಅನ್ವಯಿಸುವುದಿಲ್ಲ ಎಂದು ತಮ್ಮ ಎಂಜಿನಿಯರ್ ಸಾಹೇಬರು ಜೆಸಿಬಿ ಪಕ್ಕ ನಿಂತು ಹೇಳಿದರು. ಅದನ್ನೂ ಓದಿದ್ದೇವೆ. ಇದು ಕಾಲುವೆ ಜಾಗವೇ ಆಗಿದ್ದರೆ ಸರ್ವೆ ನಕ್ಷೆ ಎಲ್ಲಿ? ಕಲ್ಲು ನೆಟ್ಟವರು ಯಾರು? ಸರ್ವೆಯವರು ಸರಪಳಿ ಹಿಡಿದು ಈ ಬೀದಿಗೆ ಬಂದದ್ದನ್ನು ಯಾರೂ ಕಂಡಿಲ್ಲ. ಇನ್ನೊಂದು ಮಾತು. 2025ರಲ್ಲಿ ಬಿ ಖಾತಾ (ಅನಧಿಕೃತ ಆಸ್ತಿಗಳ ಕಂದಾಯ ದಾಖಲೆ) ಅಭಿಯಾನ ಮಾಡಿದಾಗ ಬೀದಿ ಬೀದಿಗೆ ಆಟೋದಲ್ಲಿ ಮೈಕು ಕಟ್ಟಿಸಿ ಕರೆದವರು ತಾವೇ. ಈಗ ಬಿದ್ದಿರುವ ಮನೆಗಳಲ್ಲಿ ನಾಲ್ವರು ಎರಡು ಪಟ್ಟು ಕಂದಾಯ ಕಟ್ಟಿ, ರಸೀದಿ ಪಡೆದು, ಬಿ ಖಾತಾ ಮಾಡಿಸಿಕೊಂಡಿದ್ದಾರೆ. ಸರ್ಕಾರಿ ಜಾಗಕ್ಕೆ ಬಿ ಖಾತಾ ಕೊಡುವಂತಿಲ್ಲ ಎಂಬುದು ತಮಗೆ ತಿಳಿಯದ್ದಲ್ಲ. ದುಡ್ಡು ತೆಗೆದುಕೊಳ್ಳುವಾಗ ಅದು ಮನೆ, ಕೆಡವುವಾಗ ಅದು ಕಾಲುವೆ.

ಕಾಲುವೆಗೆ ಬೆನ್ನು ಹಾಕಿಕೊಂಡು ಒಂದೇ ಸಾಲಿನಲ್ಲಿ ಇಪ್ಪತ್ತಾರು ಕಟ್ಟಡಗಳಿವೆ. ಬಿದ್ದದ್ದು ಹದಿನೈದು. ಮೇಲ್ತುದಿಯಲ್ಲಿ ಕಾಲುವೆಯ ಮೇಲೆಯೇ ಸ್ಲ್ಯಾಬ್ ಹಾಕಿ ಎಬ್ಬಿಸಿರುವ ವಾಣಿಜ್ಯ ಸಂಕೀರ್ಣಕ್ಕೆ ಒಂದು ಗೀರೂ ಬಿದ್ದಿಲ್ಲ. ಯಾವುದು ಬಿತ್ತು, ಯಾವುದು ನಿಂತಿತು ಎಂದು ತಿಳಿಯಲು ಅಳತೆ ಟೇಪು ಬೇಡ. ಬಿದ್ದ ಹದಿನೈದರಲ್ಲಿ ಹದಿನಾಲ್ಕು, ಒಂದೋ ಮುಸಲ್ಮಾನರದು, ಇಲ್ಲವೇ ಅಸ್ಸಾಮಿನ ಕೂಲಿಯವರಿಗೆ ಶೀಟಿನ ಕೋಣೆ ಬಾಡಿಗೆ ಕೊಟ್ಟವರದು. ಹದಿನೈದನೆಯದು ಪೌರಕಾರ್ಮಿಕರೊಬ್ಬರ ಮನೆ. ಜೆಸಿಬಿ ತಿರುಗಿಸುವಾಗ ಮೂಲೆ ತಾಗಿ ಬಿತ್ತಂತೆ. ತಮ್ಮದೇ ಸಂಬಳ ಉಣ್ಣುವವನಿಗೆ ಅಷ್ಟಾದರೂ ನೋಡಿಕೊಂಡು ತಿರುಗಿಸಬಾರದಿತ್ತೆ?

ಇಷ್ಟಕ್ಕೆಲ್ಲ ಮೂಲ ಒಂದು ವಿಡಿಯೋ. ‘ನಮ್ಮೂರಲ್ಲಿ ಬಾಂಗ್ಲಾದವರು’ ಎಂಬ ತಲೆಬರಹದಲ್ಲಿ ಯಾರೋ ನಮ್ಮ ಬೀದಿಯ ಬಟ್ಟೆ ಒಣಗಿಸುವ ಹಗ್ಗ, ನಲ್ಲಿ ಮುಂದಿನ ಸಾಲು, ಗುಜರಿ ಅಂಗಡಿಯ ತಕ್ಕಡಿ ಎಲ್ಲ ತೋರಿಸಿ ವಾಟ್ಸಾಪಿನಲ್ಲಿ ಬಿಟ್ಟರು. ನಾಲ್ಕು ದಿನದಲ್ಲಿ ತಾಲ್ಲೂಕೆಲ್ಲ ಸುತ್ತಿತು. ನಾಚಿಕೆ ಬಿಟ್ಟು ಹೇಳುತ್ತೇವೆ, ಅದನ್ನು ನಮ್ಮಲ್ಲೇ ಕೆಲವರು ಬೇರೆಯವರಿಗೆ ಕಳಿಸಿದ್ದರು. ಒಂದು ಕೋಣೆಯಲ್ಲಿ ಎಂಟೊಂಬತ್ತು ಜನ, ರಾತ್ರಿ ಹನ್ನೊಂದಾದರೂ ಮೊಬೈಲಿನಲ್ಲಿ ಹಾಡು, ನಲ್ಲಿ ಹತ್ತಿರ ಜಗಳ: ಇದೆಲ್ಲ ನಮಗೂ ಕಿರಿಕಿರಿಯೇ ಆಗಿತ್ತು. ಆದರೆ ಕಿರಿಕಿರಿ ಬೇರೆ, ಮನೆ ಕೆಡವುದು ಬೇರೆ. ರೊಬಸ್ಟಾ ಕಾಫಿ ಕುಯ್ಲು ಶುರುವಾದರೆ ತೋಟದ ಪಿಕಪ್ ಬಂದು ಈ ಅಸ್ಸಾಮಿನ ಕೂಲಿಯವರನ್ನು ಹತ್ತಿಸಿಕೊಂಡು ಹೋಗದ ದಿನವಿಲ್ಲ. ಇವರಿಲ್ಲದೆ ಈ ಭಾಗದಲ್ಲಿ ಹಣ್ಣು ಗಿಡದಲ್ಲೇ ಒಣಗುತ್ತದೆ ಎಂಬುದು ಪ್ಲಾಂಟರುಗಳಿಗೆ ಗೊತ್ತು. ಬೇರೆ ರಾಜ್ಯದಿಂದ ಕೂಲಿಯವರನ್ನು ಕರೆತರುವವರು ಅವರ ಹೆಸರು ನೋಂದಾಯಿಸಬೇಕು, ವಸತಿ ಕೊಡಬೇಕು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಕರೆತಂದ ಮೇಸ್ತ್ರಿಗಳಲ್ಲಿ ಒಬ್ಬನಿಗಾದರೂ ನೋಟಿಸು ಹೋಯಿತೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅವತ್ತು ಶನಿವಾರ ಬೆಳಗ್ಗೆ ಏಳಕ್ಕೇ ಅವರು ತೋಟಕ್ಕೆ ಹೋಗಿಯಾಗಿತ್ತು. ಸಂಜೆ ಪಿಕಪ್ಪಿನಿಂದ ಇಳಿದಾಗ ಕೋಣೆ ಇದ್ದ ಜಾಗದಲ್ಲಿ ಶೀಟುಗಳು ಮುದುಡಿ ಬಿದ್ದಿದ್ದವು. ಒಬ್ಬ ಹೆಂಗಸು, ಬೆರಳಿಗೆ ಕಾಫಿ ಹಣ್ಣಿನ ಅಂಟು ಹಾಗೇ ಇತ್ತು, ಇಟ್ಟಿಗೆ ಎತ್ತಿ ಎತ್ತಿ ಹಾಕುತ್ತಾ ‘ಪೇಪರ್, ಪೇಪರ್’ ಎನ್ನುತ್ತಿದ್ದಳು. ಮಕ್ಕಳು ಟಾರ್ಚು ಹಿಡಿದು ಹುಡುಕಿದಾಗ ತಗಡಿನ ಪೆಟ್ಟಿಗೆ ಚರಂಡಿಯಲ್ಲಿ ಸಿಕ್ಕಿತು. ಒಳಗೆ ಆಧಾರ್ ಕಾರ್ಡು, ಜೊತೆಗೆ ಅವಳ ಅಜ್ಜನ ಹೆಸರಿರುವ 1966ರ ಮತದಾರರ ಪಟ್ಟಿಯ ನಕಲು. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪೌರತ್ವ ನೋಂದಣಿಯ ಕೊನೆಯ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಇವಳು ಒಳಗಿದ್ದವಳು, ಆ ಒಂದು ಹಾಳೆಯ ಬಲದಿಂದ. ಈಗ ಅದು ಮುಟ್ಟಿದರೆ ಹರಿಯುವಂತಾಗಿದೆ, ಅಕ್ಷರವೆಲ್ಲ ಕಲಸಿಹೋಗಿವೆ. ಬಾಂಗ್ಲಾದವಳಲ್ಲ ಎಂದು ತೋರಿಸಬಹುದಾಗಿದ್ದ ಕಾಗದ ನಾವು ಒಂಬತ್ತು ಸಲ ದೂರು ಕೊಟ್ಟ ಚರಂಡಿಯಲ್ಲೇ ನೆನೆಯಿತು. ಕೆಡವುದಕ್ಕೆ ಮೊದಲು ಅವಳ ಕಾಗದ ಕೇಳಿ ನೋಡಿದವರು ತಮ್ಮಲ್ಲಿ ಯಾರು?

ಆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಜ್ಜಿಯದು ಹೇಮಾವತಿ ಮುಳುಗಡೆಯ ಕುಟುಂಬ. ಗೊರೂರಿನ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಹೋಗಿ, ಈ ಬೀದಿಯಲ್ಲಿ ಬಂದು ನೆಲೆ ನಿಂತವರು. ಬೇಸಿಗೆಯಲ್ಲಿ ನೀರು ಇಳಿದು ಶೆಟ್ಟಿಹಳ್ಳಿಯ ಚರ್ಚು ಮೇಲೆ ಕಾಣಿಸಿದಾಗ ಊರೂರಿನ ಜನ ಫೋಟೋ ತೆಗೆಯಲು ಹೋಗುತ್ತಾರಲ್ಲ, ಆ ಅಜ್ಜಿ ಒಮ್ಮೆಯೂ ಆ ಕಡೆ ಹೋದವರಲ್ಲ. ಅವತ್ತು ಜೆಸಿಬಿ ಮುಂದೆ ಕೂತು ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇವೆ: ‘ಆಗ ನೀರ್ ಬತ್ತದೆ ಅಂತ ಎಬ್ಬಿಸಿದ್ರು. ಈಗ ಏನ್ ಬತ್ತದೆ ಅಂತ ಎಬ್ಬುಸ್ತಾವ್ರೆ ಕಣಪ್ಪ?’ ತಮ್ಮ ಅಧಿಕಾರಿಗಳು ಆ ಪ್ರಶ್ನೆಗೆ ಉತ್ತರ ಕೊಡದೆ ಪಕ್ಕಕ್ಕೆ ಸರಿಯಿರಿ ಎಂದರು.

ಬೆಂಗಳೂರಿನಲ್ಲಿ ಇಂಥದ್ದು ಆಗಿ ಬಹಳ ವರ್ಷವೇನೂ ಆಗಿಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಇದೇ ರೀತಿ ವಿಡಿಯೋ, ಇದೇ ‘ಬಾಂಗ್ಲಾದವರು’, ಇದೇ ಜೆಸಿಬಿ. ಗುಡಿಸಲು ಬಿದ್ದ ಮೇಲೆ ನೋಡಿದರೆ ಅಲ್ಲಿದ್ದವರಲ್ಲಿ ನಮ್ಮದೇ ಉತ್ತರ ಕರ್ನಾಟಕದವರು, ಅಸ್ಸಾಂ, ತ್ರಿಪುರಾದವರು, ಕೈಯಲ್ಲಿ ಆಧಾರ್, ಮತದಾರರ ಚೀಟಿ. ವಿಷಯ ಹೈಕೋರ್ಟಿಗೆ ಹೋಗಿ ಸರ್ಕಾರ ತಲೆ ತಗ್ಗಿಸಬೇಕಾಯಿತು. 2022ರ ಏಪ್ರಿಲ್ 20ರಂದು ದೆಹಲಿಯ ಜಹಾಂಗೀರ್‌ಪುರಿಯಲ್ಲಿ ಗಲಭೆಯ ಬೆನ್ನಿಗೇ ಕೆಡವಲು ಹೋದವರು ಸುಪ್ರೀಂ ಕೋರ್ಟ್ ಯಥಾಸ್ಥಿತಿ ಕಾಯಿರಿ ಎಂದ ಮೇಲೂ ಕೂಡಲೇ ನಿಲ್ಲಿಸಲಿಲ್ಲ, ಕೋರ್ಟು ಎರಡನೇ ಸಲ ಹೇಳಬೇಕಾಯಿತು. 2023ರ ಆಗಸ್ಟಿನಲ್ಲಿ ಹರಿಯಾಣದ ನೂಹ್‌ನಲ್ಲಿ ನಡೆದದ್ದನ್ನು ನೋಡಿ ಅಲ್ಲಿಯ ಹೈಕೋರ್ಟ್, ಇದು ಒಂದು ಸಮುದಾಯವನ್ನೇ ಒಕ್ಕಲೆಬ್ಬಿಸುವ ಕೆಲಸವೇ ಎಂದು ಬಾಯಿ ಬಿಟ್ಟೇ ಕೇಳಿತು. ದೊಡ್ಡ ಊರುಗಳ ಈ ರೋಗ ನಮ್ಮ ಪುರಸಭೆಗೂ ಬರಬೇಕಿತ್ತೆ? ಅಲ್ಲಿಯ ಒಳ್ಳೆಯ ಚರಂಡಿ, ಬೀದಿದೀಪ ಯಾವುದೂ ಇಲ್ಲಿಗೆ ಬರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಉರಿಯುವುದು ನೋಟಿಸಿನ ಮೂರನೇ ಸಾಲು: ‘ಸದರಿ ಬೀದಿಯ ಸಾರ್ವಜನಿಕರಿಂದ ಬಂದ ದೂರುಗಳ ಮೇರೆಗೆ’. ನಮ್ಮ ಯಾವ ದೂರು? ಮೊದಲ ಅರ್ಜಿ ಕೊಟ್ಟದ್ದು ಮೂರು ವರ್ಷದ ಹಿಂದೆ, ಗೌರಿಹಬ್ಬದ ಹಿಂದಿನ ವಾರ. ಟಪಾಲು ವಿಭಾಗದಲ್ಲಿ ಮೊಹರು ಹಾಕಿಸಿಕೊಳ್ಳಲು ಎರಡು ದಿನ ಅಲೆದೆವು. ಎರಡನೆಯದಕ್ಕೆ ಕಡತ ಎಂಜಿನಿಯರ್ ಟೇಬಲಿಗೆ ಹೋಗಿದೆ ಎಂದರು, ಎಂಜಿನಿಯರ್ ವರ್ಗವಾಗಿದ್ದರು. ಮೂರನೆಯದನ್ನು ವಾರ್ಡಿನ ಸದಸ್ಯರ ಕೈಯಲ್ಲೇ ಕೊಟ್ಟೆವು, ಅವರು ಚುನಾವಣೆ ಕಳೆಯಲಿ ಎಂದರು, ಕಳೆಯಿತು. ನಾಲ್ಕು, ಐದು ಎಲ್ಲಿ ಹೋದವೋ ಗೊತ್ತಿಲ್ಲ. ಆರನೆಯದಕ್ಕೆ ಸಹಾಯವಾಣಿಯಲ್ಲಿ ದೂರು ಸಂಖ್ಯೆ ಸಿಕ್ಕಿತು, ಹದಿನೈದು ದಿನಕ್ಕೆ ‘ಸಮಸ್ಯೆ ಬಗೆಹರಿದಿದೆ’ ಎಂದು ಮೆಸೇಜೂ ಬಂತು. ಮೆಸೇಜು ಓದುತ್ತಿದ್ದಾಗ ನಮ್ಮ ಹೊಸ್ತಿಲಿಗೆ ಕೊಳಚೆ ಬಂದಿತ್ತು. ಏಳನೆಯದು ಮಾಹಿತಿ ಹಕ್ಕು, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದ್ದು. ಕಾನೂನಿನ 30 ದಿನ ಕಳೆದು ನಾಲ್ಕು ತಿಂಗಳಿಗೆ ‘ಕಡತ ಲಭ್ಯವಿಲ್ಲ’ ಎಂಬ ಒಂದೇ ಸಾಲು. ಎಂಟು, ಒಂಬತ್ತು ಜ್ಞಾಪನಗಳು. ಆ ಕಡತ ಕೆಡವುದಕ್ಕೆ ಮಾತ್ರ ಹೇಗೆ ಲಭ್ಯವಾಯಿತು? ಹಿಂದೆ ದೆವ್ವ ಬಾರದಿರಲಿ ಎಂದು ಮನೆ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ತಮ್ಮ ಕಚೇರಿಯ ಬಾಗಿಲಿಗೂ ಬರೆಸಿಬಿಡಿ, ನಮಗೆ ಬಸ್ಸಿನ ದುಡ್ಡಾದರೂ ಉಳಿಯುತ್ತದೆ.

ಆ ಒಂದು ಸಾಲಿನಿಂದ ಆದದ್ದು ಇಷ್ಟು: ಮನೆ ಕಳೆದುಕೊಂಡವರು ನಾವೇ ಕೆಡವಿಸಿದೆವೆಂದು ನಂಬಿದ್ದಾರೆ. ಪಂಕ್ಚರ್ ಅಂಗಡಿಯ ಭಾಯಿ ಇಪ್ಪತ್ತು ವರ್ಷದಿಂದ ನನ್ನ ಸೈಕಲ್ಲಿಗೆ ಗಾಳಿ ಹೊಡೆದು ಕಾಸು ತೆಗೆದುಕೊಂಡವರಲ್ಲ. ಈಗ ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. ಹೋದ ವಾರ ನಲ್ಲಿ ಹತ್ತಿರ ಕೊಡಪಾನದ ಜಗಳ ‘ನಿಮ್ಮೋರು, ನಮ್ಮೋರು’ ಎಂಬಲ್ಲಿಗೆ ಹೋಗಿ ಇಬ್ಬರು ಹುಡುಗರು ಠಾಣೆ ಮೆಟ್ಟಿಲು ಹತ್ತಿದರು. ಈ ಬೀದಿಯಲ್ಲಿ ಇಂಥ ಮಾತು ಮೊದಲು ಇರಲಿಲ್ಲ. ಶಾಂತಿ ಸಭೆ ಕರೆಯುತ್ತೇವೆ ಎಂದು ತಾವು ಹೇಳಿ ಕಳಿಸಿದ್ದೀರಿ. ಬೆಂಕಿ ಹಚ್ಚಿದವರೇ ಕೊಡ ಹಿಡಿದು ಬಂದರೆ ಯಾರು ನಂಬುತ್ತಾರೆ? ಮೊದಲು ಆ ಸಾಲು ಸುಳ್ಳು ಎಂದು ಬರವಣಿಗೆಯಲ್ಲಿ ಕೊಡಿ. ನಮ್ಮ ಒಂಬತ್ತೂ ಅರ್ಜಿಗಳನ್ನು ಕಚೇರಿಯ ಸೂಚನಾ ಫಲಕದಲ್ಲಿ ಹಾಕಿ. ಒಬ್ಬರ ಮನೆ ಕೆಡವಿ ಎಂದು ಅದರಲ್ಲಿ ಎಲ್ಲಾದರೂ ಬರೆದಿದೆಯೇ ಎಂದು ಊರು ಓದಲಿ.

ಬಿದ್ದ ಹದಿನೈದಕ್ಕೂ ಪರಿಹಾರ ಕೊಡಬೇಕು, ಅಲ್ಲಿಯವರೆಗೆ ತಮ್ಮ ಸಮುದಾಯ ಭವನ ತೆರೆದು ಆ ಕುಟುಂಬಗಳಿಗೆ ಜಾಗ ಕೊಡಬೇಕು. ಮದುವೆಗಳಿಲ್ಲದ ತಿಂಗಳು, ಖಾಲಿಯೇ ಬಿದ್ದಿದೆ. ಒದ್ದೆಯಾದ ಕಾಗದಗಳಿಗೆ ತಹಶೀಲ್ದಾರರ ಕಡೆಯಿಂದ ಹೊಸ ನಕಲು ಪಡೆಯಲು ತಾವೇ ಪತ್ರ ಬರೆಯಬೇಕು, ಅವರು ಅಸ್ಸಾಮಿಗೆ ಓಡಲಾರರು. ನಗರ ಪ್ರದೇಶದ ಮನೆಗಳ ಸಕ್ರಮಕ್ಕೆ ಭೂಕಂದಾಯ ಕಾಯ್ದೆಯ 94ಸಿಸಿ ಅಡಿ ಹಾಕಿದ ಆರು ಅರ್ಜಿಗಳು ಕೊಳೆಯುತ್ತಿವೆ, ಅವು ತೀರ್ಮಾನವಾಗುವ ತನಕ ಯಾವ ಗೋಡೆಯನ್ನೂ ಮುಟ್ಟಬಾರದು. ಸರ್ವೆ ಮಾಡಿಸಿ, ನಾವೇ ನಿಂತು ಸರಪಳಿ ಹಿಡಿಯುತ್ತೇವೆ, ಆದರೆ ಮೇಲ್ತುದಿಯ ಸಂಕೀರ್ಣದಿಂದ ಶುರು ಮಾಡಿ.

ಬರೆಯುತ್ತಾ ಬರೆಯುತ್ತಾ ನೆನಪಾಯಿತು: ನಲ್ಲಿ ನೀರು ಎಂಟು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ. ಮೂಲೆಯ ಬೀದಿದೀಪ ಕೆಟ್ಟು ಯುಗಾದಿಗೆ ವರ್ಷವಾಗುತ್ತದೆ. ಕಸದ ಗಾಡಿ ಹಾಡು ಹಾಕಿಕೊಂಡು ಮುಖ್ಯರಸ್ತೆಯಲ್ಲೇ ಹೋಗಿಬಿಡುತ್ತದೆ. ಬೀದಿನಾಯಿ ಕಚ್ಚಿದ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹಾಸನಕ್ಕೆ ಹೋಗಬೇಕಾಯಿತು. ಇವಕ್ಕೆಲ್ಲ ಬೇರೆ ಬೇರೆ ಅರ್ಜಿ ಕೊಡಿ ಎನ್ನಬೇಡಿ, ನಮ್ಮಲ್ಲಿ ಕಾಗದ ಮುಗಿದಿದೆ.

ಕೊನೆಯದಾಗಿ, ಮಳೆಗಾಲಕ್ಕೆ ಇನ್ನು ಮೂರು ತಿಂಗಳೂ ಇಲ್ಲ. ಇಟ್ಟಿಗೆ, ಶೀಟು ತುಂಬಿದ ಆ ಕಾಲುವೆ ಹಾಗೇ ಇದ್ದರೆ ಮೊದಲ ಮಳೆಗೇ ನಿಂತ ಹನ್ನೊಂದು ಕಟ್ಟಡಕ್ಕೂ ನೀರು ನುಗ್ಗುತ್ತದೆ. ಅವಶೇಷ ಎತ್ತಿಸಲು ಜೆಸಿಬಿ ಬಾಡಿಗೆಗೆ ಅನುದಾನವಿಲ್ಲ ಎಂದು ಮೊನ್ನೆ ತಮ್ಮ ಸಿಬ್ಬಂದಿ ಹೇಳಿದ್ದನ್ನು ಕೇಳಿ ಇಡೀ ಬೀದಿಯೇ ನಕ್ಕಿತು. ಬಹಳ ದಿನಗಳ ಮೇಲೆ ಎರಡೂ ಕಡೆಯವರು ಒಟ್ಟಿಗೆ ನಕ್ಕದ್ದು ಅದೊಂದಕ್ಕೇ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಈ ಪತ್ರವನ್ನೇ ರಿಟ್ ಅರ್ಜಿಯ ಜೊತೆ ಇಟ್ಟು ಹೈಕೋರ್ಟಿಗೆ ಹೋಗುತ್ತೇವೆ. ಇದನ್ನು ರಿಜಿಸ್ಟರ್ ಮಾಡಿಸಿ ಸ್ಪೀಡ್ ಪೋಸ್ಟಿನಲ್ಲೇ ಕಳಿಸುತ್ತಿದ್ದೇವೆ, ಗೋಡೆಗೆ ಅಂಟಿಸುತ್ತಿಲ್ಲ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಕೆರೆಕೋಡಿ ಬೀದಿಯ ನಿವಾಸಿಗಳು
(ಸಹಿ, ಹೆಬ್ಬೆಟ್ಟುಗಳ ಹಾಳೆ ಲಗತ್ತಿಸಿದೆ. ಮನೆ ಕಳೆದುಕೊಂಡವರಲ್ಲಿ ಆರು ಮಂದಿ ಸಹಿ ಹಾಕಿದ್ದಾರೆ. ಉಳಿದವರು ನಮ್ಮನ್ನು ಇನ್ನೂ ನಂಬಿಲ್ಲ.)

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳಿಗೆ, ಆ ಇ-ಮೇಲ್ ಬಂದಿತ್ತೇ ಎಂದು ತಿಳಿಸುವ ಕೋರಿಕೆಯೊಂದಿಗೆ.